ಸ್ಪೀಡ್ ಇದೆ, ಆದರೂ ಮಾತು ಯಾಕೆ ತೊದಲುತ್ತದೆ?

ರಾತ್ರಿ ಊಟದ ಹೊತ್ತಿಗೆ ಪುಣೆ, ಮುಂಬೈ, ಹೈದರಾಬಾದ್, ಚೆನ್ನೈಗಳ ಕನ್ನಡಿಗರ ಮನೆಗಳಲ್ಲಿ ಊರಿನ ವಿಡಿಯೋ ಕರೆ ಶುರುವಾಗುತ್ತದೆ. ಐದು ನಿಮಿಷ ಚೆನ್ನಾಗಿ ನಡೆದ ಮಾತು ಇದ್ದಕ್ಕಿದ್ದಂತೆ ತೊದಲತೊಡಗುತ್ತದೆ. ಅಮ್ಮ ಕೇಳಿದ್ದಕ್ಕೆ ಮಗ ಉತ್ತರ ಕೊಡುವಷ್ಟರಲ್ಲಿ ಅಮ್ಮ ಮತ್ತೆ ಅದನ್ನೇ ಕೇಳಿರುತ್ತಾರೆ. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಕೊನೆಗೆ "ಅಮ್ಮಾ, ನಿಮ್ಮ ಕಡೆ ನೆಟ್ ಸರಿ ಇಲ್ಲ ಅನ್ಸುತ್ತೆ, ನಾಳೆ ಮಾಡ್ತೀನಿ" ಎಂದು ಕರೆ ಮುಗಿಯುತ್ತದೆ.

ದೂರು ಸಾಮಾನ್ಯವಾಗಿ ಊರಿನ ಮೇಲೆಯೇ. ಮಹಾನಗರದ ಮನೆಯಲ್ಲಿ 100 ಎಂಬಿಪಿಎಸ್ ಸಂಪರ್ಕ ಇದೆ, ಸ್ಪೀಡ್ ಟೆಸ್ಟ್ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಅಂದ ಮೇಲೆ ತೊಂದರೆ ಆ ಕಡೆಯದೇ ಇರಬೇಕಲ್ಲ? ಅಥವಾ ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಂಡರೆ ಸರಿಹೋಗಬೇಕಲ್ಲ? ಎಷ್ಟೋ ಸಲ ತೊಡಕು ಇರುವುದು ನಮ್ಮದೇ ಹಜಾರದಲ್ಲಿ, ಟಿವಿ ಪಕ್ಕ ಹಸಿರು ದೀಪ ಮಿಟುಕಿಸುತ್ತ ಕೂತ ರೂಟರ್‌ನಲ್ಲಿ. ಇದನ್ನು ಊಹಿಸುತ್ತ ಕೂರಬೇಕಾಗಿಲ್ಲ, ನೋಡಬಹುದು. ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ಚಿತ್ರವಾಗಿ ತೋರಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಮನೆಯ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಇಂಟರ್‌ನೆಟ್‌ಗೆ ಬಂದ ಎರಡು ದೊಡ್ಡ ಕಾಯಿಲೆಗಳ ಮೂಲ ಸಿಕ್ಕಿದ್ದೂ ಇಂಥ ಚಿತ್ರಗಳಿಂದಲೇ.

ಅಗಲ ಬೇರೆ, ಕಾಯುವಿಕೆ ಬೇರೆ

ಸ್ಪೀಡ್ ಟೆಸ್ಟ್‌ನಲ್ಲಿ ನಾವು ನೋಡುವ ಅಂಕಿ ರಸ್ತೆಯ ಅಗಲ ಇದ್ದ ಹಾಗೆ. ರಸ್ತೆ ಆರು ಲೇನಿನದೇ ಇರಬಹುದು, ಟೋಲ್ ನಾಕಾದಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕಾದರೆ ಆ ಅಗಲದಿಂದ ಏನು ಬಂತು? ದೀಪಾವಳಿಯ ಹಿಂದಿನ ದಿನ ಪುಣೆಯಿಂದ ಹುಬ್ಬಳ್ಳಿ ಕಡೆಗೆ ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾತಿಗೆ ಬೇಕಾದ ಅಗಲ ಬಹಳ ಸಣ್ಣದು. ಹಳೆಯ ಟೆಲಿಫೋನ್ ಗುಣಮಟ್ಟದ ಜಿ.711 ಎಂಬ ಪದ್ಧತಿಯಲ್ಲಿ ಧ್ವನಿಗೆ ಬೇಕಾದದ್ದು ಸೆಕೆಂಡಿಗೆ 64 ಕಿಲೋಬಿಟ್. ಸಾಮಾನ್ಯವಾಗಿ ಅದನ್ನು 20 ಮಿಲಿಸೆಕೆಂಡಿಗೆ ಒಂದರಂತೆ, ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ ಕಳಿಸುತ್ತಾರೆ. ಇಂದಿನ ಪದ್ಧತಿಗಳಿಗೆ ಇನ್ನೂ ಕಡಿಮೆ ಸಾಕು. ವಿಡಿಯೋ ಸೇರಿದರೂ ಕೆಲವೇ ಮೆಗಾಬಿಟ್‌ನಲ್ಲಿ ಕೆಲಸ ಮುಗಿಯುತ್ತದೆ. ಮಾತು ಕೇಳುವುದು ಹೊತ್ತಿಗೆ ಸರಿಯಾಗಿ ತಲುಪಬೇಕು ಎಂಬುದನ್ನು. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಲೆಕ್ಕ. ಅದು ಅರ್ಧ ಸೆಕೆಂಡು, ಒಂದು ಸೆಕೆಂಡು ಆದಾಗ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಅಡ್ಡಬರುತ್ತದೆ.

ಹಾಗಾಗಿ ನೋಡಬೇಕಾದದ್ದು ಒಂದು ಅಂಕಿಯನ್ನಲ್ಲ, ಹೊತ್ತು ಸರಿದಂತೆ ಅದು ಏರಿಳಿಯುವ ರೀತಿಯನ್ನು. ನಾಡಿ ಹಿಡಿದು ನೋಡಿದರೆ ನಿಮಿಷಕ್ಕೆ 72 ಎಂದು ತಿಳಿಯುತ್ತದೆ. ಬಡಿತ ಎಲ್ಲಿ ತಪ್ಪುತ್ತಿದೆ ಎಂದು ತಿಳಿಯಲು ಡಾಕ್ಟರು ಇಸಿಜಿ ತೆಗೆಯಲೇಬೇಕು. ನೆಟ್‌ವರ್ಕ್ ಚಿತ್ರಗಳು ಮಾಡುವುದೂ ಅದನ್ನೇ.

1986: ಕೂಗಳತೆಯ ದೂರ, ಆಮೆಯ ನಡಿಗೆ

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಚಿತ್ರ ನಡೆಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ ಬರೀ 400 ಗಜ. ಆ ಎರಡು ಕಡೆಗಳ ನಡುವೆ ಸೆಕೆಂಡಿಗೆ 32 ಕಿಲೋಬಿಟ್ ಹೋಗುತ್ತಿದ್ದ ದತ್ತಾಂಶ ಸೆಕೆಂಡಿಗೆ 40 ಬಿಟ್‌ಗೆ ಕುಸಿಯಿತು. ಎಂಟುನೂರು ಪಟ್ಟು ಇಳಿಕೆ! ಚೀಟಿ ಬರೆದು ಆಳಿನ ಕೈಯಲ್ಲಿ ಕಳಿಸಿದ್ದರೆ ಬೇಗ ಮುಟ್ಟುತ್ತಿತ್ತು. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ.

ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್ ಇದರ ಬೆನ್ನು ಹತ್ತಿದರು. ಮೈಕೆಲ್ ಕ್ಯಾರೆಲ್ಸ್ ಅವರ ಜೊತೆ ಸೇರಿ ಮಾಡಿದ ಆ ಕೆಲಸ 1988ರಲ್ಲಿ ಪ್ರಬಂಧವಾಗಿ ಹೊರಬಂತು. ಅದರಲ್ಲಿರುವ ಗ್ರಾಫ್‌ಗಳು ತೀರ ಸರಳ. ಅಡ್ಡಗೆರೆಯಲ್ಲಿ ಸಮಯ, ಲಂಬಗೆರೆಯಲ್ಲಿ ಪ್ಯಾಕೆಟ್‌ನ ಸಂಖ್ಯೆ. ಒಂದೊಂದು ಪ್ಯಾಕೆಟ್‌ಗೆ ಒಂದೊಂದು ಚುಕ್ಕಿ. ಎಲ್ಲ ಸರಿಯಿದ್ದರೆ ಚುಕ್ಕಿಗಳು ಸೇರಿ ನೇರವಾಗಿ ಮೇಲೇರುವ ಗೆರೆಯಾಗಬೇಕು. ಅವರಿಗೆ ಕಂಡದ್ದು ಗರಗಸದ ಹಲ್ಲು. ಸ್ವಲ್ಪ ಏರುವುದು, ಮತ್ತೆ ಹಿಂದಕ್ಕೆ ಬಂದು ಕಳಿಸಿದ್ದನ್ನೇ ಕಳಿಸುವುದು. ಕಂಪ್ಯೂಟರ್‌ಗಳು ಶುರುವಿನಲ್ಲೇ ಎಲ್ಲವನ್ನೂ ಒಮ್ಮೆಗೇ ಸುರಿಯುತ್ತಿದ್ದವು. ದಾರಿಯಲ್ಲಿ ಚೆಲ್ಲಿಹೋದದ್ದನ್ನು ಮತ್ತೆ ಸುರಿಯುತ್ತಿದ್ದವು. ಎಲ್ಲರೂ ಹೀಗೆ ಮಾಡಿದಾಗ ದಾರಿಯ ತುಂಬ ಹೋದದ್ದೇ ಹೋಗುತ್ತಿತ್ತು, ಹೊಸದು ಯಾವುದೂ ಮುಟ್ಟುತ್ತಿರಲಿಲ್ಲ.

ಮದ್ದು ಇಷ್ಟೇ: ಮೆಲ್ಲಗೆ ಶುರು ಮಾಡು, ಒಪ್ಪಿಗೆ ಬಂದಂತೆ ಹೆಚ್ಚಿಸು, ಒಂದು ಪ್ಯಾಕೆಟ್ ಕಳೆದುಹೋದರೆ ಮುಂದೆ ದಟ್ಟಣೆ ಇದೆ ಎಂದು ತಿಳಿದು ಹಿಂದೆ ಸರಿ. ಇಂದಿಗೂ ಟಿಸಿಪಿ ಎಂಬ ಇಂಟರ್‌ನೆಟ್‌ನ ಮುಖ್ಯ ಸಾಗಣೆ ವಿಧಾನ ನಿಂತಿರುವುದು ಈ ಸಂಯಮದ ಮೇಲೆ. ಪ್ಯಾಕೆಟ್ ಕಳೆದುಹೋಗುವುದು ಅಲ್ಲಿ ಒಂದು ಸೂಚನೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ ಪ್ರಯೋಗಾಲಯದಲ್ಲಿ 1988ರಲ್ಲಿ ಟಿಸಿಪಿಡಂಪ್ ಎಂಬ ತಂತ್ರಾಂಶವೂ ಹುಟ್ಟಿತು. ಹಾದುಹೋಗುವ ಪ್ಯಾಕೆಟ್‌ಗಳನ್ನು ಹಿಡಿದು ಸಾಲುಸಾಲಾಗಿ ಬರೆದಿಡುವುದು ಅದರ ಕೆಲಸ. ಬಲ್ಲವರಿಗೆ ಅದು ಬೆಲ್ಲ, ಉಳಿದವರಿಗೆ ಬರೀ ಅಕ್ಷರಗಳ ಮಳೆ.

ಎಲ್ಲರ ಕೈಗೆ ಬಂದ ಕನ್ನಡಕ

ತೊಂಬತ್ತರ ದಶಕದ ಕೊನೆಯಲ್ಲಿ ಜೆರಾಲ್ಡ್ ಕೋಂಬ್ಸ್ ಎಂಬವರು ಅಮೆರಿಕದ ಒಂದು ಸಣ್ಣ ಇಂಟರ್‌ನೆಟ್ ಸೇವಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಇಂಥ ಪರಿಶೀಲನೆಗೆ ಆಗ ಮಾರುಕಟ್ಟೆಯಲ್ಲಿದ್ದ ತಂತ್ರಾಂಶಗಳ ಬೆಲೆ ಸುಮಾರು 1500 ಡಾಲರ್. ಕೊಂಡರೂ ಅವು ಆ ಸಂಸ್ಥೆಯ ಲಿನಕ್ಸ್, ಸೊಲಾರಿಸ್ ಕಂಪ್ಯೂಟರ್‌ಗಳಲ್ಲಿ ಓಡುತ್ತಿರಲಿಲ್ಲ. ಕೋಂಬ್ಸ್ ತಾವೇ ಒಂದನ್ನು ಬರೆದು 1998ರಲ್ಲಿ ಈಥರಿಯಲ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರಿನ ಹಕ್ಕಿನ ತಕರಾರಿನಿಂದ 2006ರಲ್ಲಿ ಅದು ವೈರ್‌ಶಾರ್ಕ್ ಆಯಿತು. ಇಂದು ನೆಟ್‌ವರ್ಕ್ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಅದು ಇರಲೇಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಪೈಸೆ ಖರ್ಚಿಲ್ಲ.

ವೈರ್‌ಶಾರ್ಕ್ ತೆರೆದ ಕೂಡಲೇ ಕಾಣುವುದು ಬಣ್ಣಬಣ್ಣದ ಸಾಲುಗಳ ಪಟ್ಟಿ. ಒಂದೊಂದು ಸಾಲೂ ಒಂದು ಪ್ಯಾಕೆಟ್. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದ ಸಾಲುಗಳು ಬಂದರೆ ಏನೋ ಕೆಟ್ಟಿದೆ, ಕಳೆದದ್ದನ್ನು ಮತ್ತೆ ಕಳಿಸುತ್ತಿದೆ ಎಂದು ಅರ್ಥ. ಆದರೆ ನಮ್ಮಂಥ ಬಳಕೆಗೆ ಆ ಪಟ್ಟಿಗಿಂತ ಮೇಲಿನ ಸ್ಟ್ಯಾಟಿಸ್ಟಿಕ್ಸ್ ಮೆನು ಮುಖ್ಯ. ಅಲ್ಲಿನ ಐಒ ಗ್ರಾಫ್ ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಹೋಯಿತು, ಬಂತು ಎಂಬುದನ್ನು ಗೆರೆಯಾಗಿ ತೋರಿಸುತ್ತದೆ. ಕಾನ್ವರ್ಸೇಷನ್ಸ್ ಎಂಬುದು ಯಾರು ಯಾರೊಡನೆ ಎಷ್ಟು ಮಾತಾಡಿದರು ಎಂಬ ಜಮಾಖರ್ಚು. ಟಿಸಿಪಿ ಸ್ಟ್ರೀಮ್ ಗ್ರಾಫ್‌ಗಳ ಅಡಿಯಲ್ಲಿ ಜೇಕಬ್‌ಸನ್ ಬಿಡಿಸಿದಂಥದೇ ಚುಕ್ಕಿ ಚಿತ್ರ ಸಿಗುತ್ತದೆ, ಹೋಗಿಬರುವ ಸಮಯದ ಗ್ರಾಫ್ ಕೂಡ.

ಲಿನಕ್ಸ್ ಬಳಸುವವರಿಗೆ ಈಥರ್‌ಏಪ್ ಎಂಬ ಇನ್ನೊಂದು ತಂತ್ರಾಂಶ ಇದೆ. ಇದು ನೋಡಲು ರಂಗೋಲಿಯಂತಿದೆ. ಕಂಪ್ಯೂಟರ್‌ಗಳೆಲ್ಲ ವೃತ್ತದ ಸುತ್ತ ಚುಕ್ಕಿಗಳಾಗಿ ನಿಲ್ಲುತ್ತವೆ, ಮಾತಾಡಿಕೊಳ್ಳುವವರ ನಡುವೆ ಗೆರೆ ಮೂಡುತ್ತದೆ. ದತ್ತಾಂಶ ಹೆಚ್ಚಿದಂತೆ ಗೆರೆ ದಪ್ಪವಾಗುತ್ತದೆ. ಬಣ್ಣ ನೋಡಿ ಅದು ಯಾವ ಬಗೆಯ ಹರಿವು ಎಂದು ತಿಳಿಯಬಹುದು. ಏನೂ ಹೊಸದು ಹಾಕಿಕೊಳ್ಳುವುದು ಬೇಡ ಎನ್ನುವವರಿಗೆ ವಿಂಡೋಸ್‌ನ ರಿಸೋರ್ಸ್ ಮಾನಿಟರ್, ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್ ಇದ್ದೇ ಇವೆ. ಯಾವ ಪ್ರೋಗ್ರಾಂ ನೆಟ್ ತಿನ್ನುತ್ತಿದೆ ಎಂಬುದು ಅವುಗಳಲ್ಲೇ ಕಾಣುತ್ತದೆ.

2010: ಕಾಯುವ ಕೋಣೆ ದೊಡ್ಡದಾದಾಗ

ಎರಡನೆಯ ಕಾಯಿಲೆ ಸಿಕ್ಕಿದ್ದು ಒಂದು ಮನೆಯಲ್ಲಿ. ಜಿಮ್ ಗೆಟ್ಟಿಸ್ ಎಕ್ಸ್ ವಿಂಡೋ ಸಿಸ್ಟಮ್ ರೂಪಿಸಿದವರಲ್ಲಿ ಒಬ್ಬರು, 2010ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಮನೆಯಿಂದ ಎಂಐಟಿಯ ಕಂಪ್ಯೂಟರ್‌ಗೆ ದೊಡ್ಡ ಫೈಲುಗಳನ್ನು ಕಳಿಸುವಾಗಲೆಲ್ಲ ಮನೆಯ ನೆಟ್ ಪೂರ್ತಿ ಮಂಕಾಗುತ್ತಿತ್ತು, ಮನೆಮಂದಿ ದೂರುತ್ತಿದ್ದರು. ಅವರು ಪ್ಯಾಕೆಟ್‌ಗಳನ್ನು ಹಿಡಿದು ನೋಡಿದಾಗ ಮಿಲಿಸೆಕೆಂಡುಗಳಲ್ಲಿ ಇರಬೇಕಾದ ವಿಳಂಬ ಒಂದು ಸೆಕೆಂಡಿನ ಮೇಲೆ ಹೋಗಿತ್ತು. ಆ ದಾಖಲೆಗಳನ್ನು ಅವರು ತೋರಿಸಿದವರಲ್ಲಿ ವ್ಯಾನ್ ಜೇಕಬ್‌ಸನ್ ಕೂಡ ಒಬ್ಬರು.

ಕಾರಣ ಹೀಗಿತ್ತು. ರೂಟರ್, ಮೋಡೆಮ್‌ಗಳಲ್ಲಿ ಬಫರ್ ಎಂಬ ಕಾಯುವ ಕೋಣೆ ಇರುತ್ತದೆ. ಮುಂದಿನ ದಾರಿ ತೆರವಾಗುವ ತನಕ ಪ್ಯಾಕೆಟ್‌ಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಮೆಮೊರಿ ಅಗ್ಗವಾದಂತೆ ತಯಾರಕರು ಈ ಕೋಣೆಯನ್ನು ದೊಡ್ಡದು ಮಾಡುತ್ತ ಹೋದರು. ಒಂದೂ ಪ್ಯಾಕೆಟ್ ಕಳೆದುಹೋಗಬಾರದು ಎಂಬ ಸದುದ್ದೇಶ. ಆದರೆ ಟಿಸಿಪಿಗೆ ಪ್ಯಾಕೆಟ್ ಕಳೆದುಹೋಗುವುದೇ ನಿಧಾನಿಸು ಎಂಬ ಸೂಚನೆ. ಕೋಣೆ ತುಂಬುವ ತನಕ ಆ ಸೂಚನೆ ಬರುವುದೇ ಇಲ್ಲ, ಕಳಿಸುವವನು ಇನ್ನೂ ಜೋರಾಗಿ ಕಳಿಸುತ್ತಾನೆ. ಸಾಲು ಬೆಳೆಯುತ್ತಲೇ ಹೋಗುತ್ತದೆ. ಗೆಟ್ಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು, ಬಫರ್‌ಗೆ ಬಂದ ಬೊಜ್ಜು ಎನ್ನಬಹುದು.

ಲೆಕ್ಕ ಮಾಡಿ ನೋಡಿ. ಹೊರಹೋಗುವ ವೇಗ 2 ಎಂಬಿಪಿಎಸ್ ಇರಲಿ, ರೂಟರ್‌ನ ಬಫರ್ 256 ಕಿಲೋಬೈಟ್ ಇರಲಿ. ಬಫರ್ ತುಂಬಿದ್ದಾಗ ಅದರಲ್ಲಿ ನಿಂತಿರುವುದು ಸುಮಾರು 20 ಲಕ್ಷ ಬಿಟ್. ಖಾಲಿಯಾಗಲು ಒಂದು ಸೆಕೆಂಡು ಬೇಕು. ಈಗ ಅಮ್ಮನಿಗೆ ಹೋಗಬೇಕಾದ "ಹೂಂ, ಹೇಳಿ" ಎಂಬ ಪುಟ್ಟ ಪ್ಯಾಕೆಟ್ ಬಂದು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಅದರ ಮುಂದೆ ಮೊಬೈಲ್‌ನಿಂದ ಕ್ಲೌಡ್‌ಗೆ ಹೊರಟ ಭಾನುವಾರದ ಫೋಟೋಗಳು ಮೂಟೆ ಹೊತ್ತು ನಿಂತಿವೆ. ಅವಕ್ಕೆ ಅವಸರವಿಲ್ಲ, ನಾಳೆ ಮುಟ್ಟಿದರೂ ನಡೆಯುತ್ತದೆ. ಆದರೂ ಮೊದಲು ಬಂದವರು ಅವರೇ.

ಇಲ್ಲೊಂದು ಸೂಕ್ಷ್ಮ ಇದೆ. ಬೇರೆ ಯಾವುದೂ ನಡೆಯದಾಗ ಸ್ಪೀಡ್ ಟೆಸ್ಟ್ ಮಾಡಿದರೆ ರಸ್ತೆ ಖಾಲಿ ಇರುತ್ತದೆ, ಅಂಕಿ ಚೆನ್ನಾಗಿ ಬರುತ್ತದೆ. ಸಾಲು ಹುಟ್ಟುವುದು ಮನೆಮಂದಿಯೆಲ್ಲ ಬಳಸುವಾಗ. ನಗರಗಳ ಫೈಬರ್ ಸಂಪರ್ಕಗಳಲ್ಲಿ ಹೊರಹೋಗುವ ವೇಗವೂ ಹೆಚ್ಚಿರುವುದರಿಂದ ತೊಂದರೆ ಕಡಿಮೆ. ಆದರೆ ಮೊಬೈಲ್ ಹಾಟ್‌ಸ್ಪಾಟ್, ಹಳೆಯ ಕೇಬಲ್ ಸಂಪರ್ಕ, ಹತ್ತು ಮಂದಿ ಹಂಚಿಕೊಳ್ಳುವ ಪಿಜಿಯ ವೈಫೈ, ಎರಡು ಗೋಡೆಯಾಚೆಯ ಮಲಗುವ ಕೋಣೆ, ಇಂಥ ಕಡೆ ಈ ಸಾಲು ಚೆನ್ನಾಗಿಯೇ ಬೆಳೆಯುತ್ತದೆ.

ಒಂದು ಸಂಜೆಯ ಪರೀಕ್ಷೆ

ಇದನ್ನು ನಿಮ್ಮ ಮನೆಯಲ್ಲೇ ನೋಡಬಹುದು. ವೈರ್‌ಶಾರ್ಕ್ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಅದರ ಜೊತೆ ಎನ್‌ಪಿಕ್ಯಾಪ್ ಎಂಬುದನ್ನೂ ಹಾಕಲು ಕೇಳುತ್ತದೆ, ಒಪ್ಪಿಕೊಳ್ಳಿ. ನಿಮ್ಮ ವೈಫೈ ಆರಿಸಿ ಪ್ಯಾಕೆಟ್ ಹಿಡಿಯಲು ಬಿಡಿ. ಈಗ ಎರಡು ಕಮಾಂಡ್ ಕಿಟಕಿ ತೆರೆದು ಎರಡು ಪಿಂಗ್ ಓಡಿಸಿ, ನಿಲ್ಲಿಸುವ ತನಕ ಓಡುತ್ತಲೇ ಇರಲಿ. ಒಂದು ನಿಮ್ಮ ರೂಟರ್‌ನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1 ಅಥವಾ ಅದರ ಅಡಿಯಲ್ಲಿ ಬರೆದಿರುವುದು. ಇನ್ನೊಂದು ಹೊರಗಿನ 8.8.8.8 ವಿಳಾಸಕ್ಕೆ. ಒಂದು ನಿಮಿಷ ಹಾಗೇ ಬಿಡಿ. ಆಮೇಲೆ ಒಂದು ದೊಡ್ಡ ವಿಡಿಯೋವನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಿ.

ಐಒ ಗ್ರಾಫ್‌ನಲ್ಲಿ ಗೆರೆ ಜಿಗಿದು ಒಂದು ಎತ್ತರಕ್ಕೆ ಹೋಗಿ ಚಪ್ಪಟೆಯಾಗುತ್ತದೆ. ಅದು ನಿಮ್ಮ ರಸ್ತೆಯ ಅಗಲ. ಈಗ ಪಿಂಗ್ ನೋಡಿ.

ಎರಡೂ ಪಿಂಗ್‌ಗಳ ಮಿಲಿಸೆಕೆಂಡು ಹೆಚ್ಚೇನೂ ಏರದಿದ್ದರೆ ನಿಮ್ಮ ಮನೆ ಕ್ಷೇಮ. ಕರೆ ತೊದಲಿದರೆ ಕಾರಣ ಮುಂದೆ ಎಲ್ಲೋ ಇದೆ, ಊರಿನದೇ ಇರಬಹುದು. ರೂಟರ್‌ನ ಪಿಂಗ್ ಮೊದಲಿನಂತೆಯೇ ಇದ್ದು ಹೊರಗಿನದು ಮಾತ್ರ ನೂರಾರು ಮಿಲಿಸೆಕೆಂಡಿಗೆ ಏರಿದರೆ ಸಾಲು ನಿಂತಿರುವುದು ಮನೆಯಿಂದ ಹೊರಹೋಗುವ ಬಾಗಿಲಲ್ಲಿ. ರೂಟರ್‌ನದೂ ಜೊತೆಗೇ ಏರಿದರೆ ತೊಂದರೆ ವೈಫೈನಲ್ಲಿ. ಪ್ಲಾನ್ ಎಷ್ಟು ದೊಡ್ಡದು ಮಾಡಿದರೂ ಈ ಮೂರನೆಯದು ಸರಿಹೋಗುವುದಿಲ್ಲ. ರೂಟರ್‌ನ ಜಾಗ ಬದಲಿಸಿದರೆ ಅಥವಾ ಒಂದು ಕೇಬಲ್ ಎಳೆದರೆ ಸರಿಹೋಗಬಹುದು.

ಲ್ಯಾಪ್‌ಟಾಪಿನ ವೈರ್‌ಶಾರ್ಕ್‌ಗೆ ಸಾಮಾನ್ಯವಾಗಿ ಕಾಣುವುದು ಆ ಲ್ಯಾಪ್‌ಟಾಪಿನ ಪ್ಯಾಕೆಟ್‌ಗಳು ಮಾತ್ರ. ಪಕ್ಕದ ಕೋಣೆಯ ಮೊಬೈಲ್ ಏನು ಕಳಿಸುತ್ತಿದೆ ಎಂಬುದು ಅದಕ್ಕೆ ತಿಳಿಯದು. ಆದರೆ ಆ ಮೊಬೈಲ್ ಸಾಲು ಬೆಳೆಸಿದ್ದರೆ ಅದರ ಪರಿಣಾಮ ನಿಮ್ಮ ಪಿಂಗ್‌ನಲ್ಲಿ ಕಂಡೇ ಕಾಣುತ್ತದೆ. ಮನೆಯ ಸಾಧನಗಳನ್ನು ಒಂದೊಂದಾಗಿ ವೈಫೈನಿಂದ ತೆಗೆದು ನೋಡಿ. ಯಾವುದನ್ನು ತೆಗೆದಾಗ ಪಿಂಗ್ ಥಟ್ಟನೆ ಇಳಿಯಿತೋ ಅದರಲ್ಲೇ ಫೋಟೋ ಬ್ಯಾಕಪ್ ಇಲ್ಲವೇ ದೊಡ್ಡ ಅಪ್‌ಡೇಟ್ ಓಡುತ್ತಿರುತ್ತದೆ.

ಲಕೋಟೆ ಕಾಣುತ್ತದೆ, ಕಾಗದ ಕಾಣದು

ಇಂಥ ತಂತ್ರಾಂಶದಿಂದ ಬೇರೆಯವರ ಸಂದೇಶ ಓದಬಹುದೇ ಎಂದು ಹಲವರು ಕೇಳುತ್ತಾರೆ. ಇಂದು ಹೆಚ್ಚಿನ ಜಾಲತಾಣ, ಆ್ಯಪ್‌ಗಳು ದತ್ತಾಂಶವನ್ನು ಗೂಢಲಿಪಿಯಲ್ಲಿ ಕಳಿಸುತ್ತವೆ. ಹಾಗಾಗಿ ಒಳಗಿನ ಮಾತು ಕಾಣುವುದಿಲ್ಲ. ಆದರೆ ಲಕೋಟೆಯ ಮೇಲಿನದು ಕಾಣುತ್ತದೆ: ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ತೂಕ. ಜಾಲತಾಣದ ಹೆಸರು ಕೇಳಿ ವಿಳಾಸ ಪಡೆಯುವ ಡಿಎನ್‌ಎಸ್ ಪ್ರಶ್ನೆಗಳು ಬಹಳ ಕಡೆ ಇನ್ನೂ ತೆರೆದ ಅಂಚೆ ಕಾರ್ಡಿನಂತೆಯೇ ಹೋಗುತ್ತವೆ. ಯಾರು ಯಾವ ಆಸ್ಪತ್ರೆಯ, ಯಾವ ಬ್ಯಾಂಕಿನ, ಯಾವ ನೌಕರಿಯ ತಾಣಕ್ಕೆ ಹೋಗಿದ್ದರು ಎಂಬುದನ್ನು ಊಹಿಸಲು ಲಕೋಟೆಯೇ ಸಾಕು.

ಆದ್ದರಿಂದ ನಿಮ್ಮ ಯಂತ್ರ, ನಿಮ್ಮ ಮನೆ ಎಂಬ ಗೆರೆ ದಾಟಬೇಡಿ. ಮನೆಯಲ್ಲೂ ಉಳಿದವರಿಗೆ ಹೇಳಿಯೇ ನೋಡಿ. ಆಫೀಸಿನಲ್ಲಿ, ಪಿಜಿಯಲ್ಲಿ, ಹೋಟೆಲಿನಲ್ಲಿ ಅನುಮತಿಯಿಲ್ಲದೆ ಪ್ಯಾಕೆಟ್ ಹಿಡಿಯಲು ಹೋಗಬೇಡಿ. ಬೇರೆಯವರ ಕಂಪ್ಯೂಟರ್ ಅಥವಾ ನೆಟ್‌ವರ್ಕ್‌ನಿಂದ ಒಪ್ಪಿಗೆಯಿಲ್ಲದೆ ದತ್ತಾಂಶ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ನಿನ ಅಡಿ ಬರುತ್ತದೆ. ಹಿಡಿದ ಫೈಲನ್ನು ಹಾಗೇ ಯಾರಿಗೂ ಕಳಿಸಬೇಡಿ, ತೋರಿಸಬೇಕಾದರೆ ಗ್ರಾಫ್‌ನ ಚಿತ್ರ ಸಾಕು.

ಸಾಲನ್ನು ಚಿಕ್ಕದು ಮಾಡುವುದು ಹೇಗೆ?

ಬಫರ್‌ನ ಬೊಜ್ಜಿಗೆ ಮದ್ದು ಸಿಕ್ಕಿದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ವಿಧಾನ ರೂಪಿಸಿದರು. ಕೋಣೆ ಎಷ್ಟು ತುಂಬಿದೆ ಎಂದು ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡು ಮೀರಿ, 100 ಮಿಲಿಸೆಕೆಂಡಾದರೂ ಇಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬೀಳಿಸುತ್ತದೆ. ಕಳಿಸುವವನಿಗೆ ಸೂಚನೆ ಮುಟ್ಟುತ್ತದೆ, ಅವನು ನಿಧಾನಿಸುತ್ತಾನೆ. ಇದರ ಮುಂದಿನ ರೂಪವಾದ ಎಫ್‌ಕ್ಯೂ-ಕೋಡೆಲ್‌ನಲ್ಲಿ ಮೂಟೆ ಹೊತ್ತವರಿಗೂ ಪುಟ್ಟ ಪ್ಯಾಕೆಟ್‌ಗಳಿಗೂ ಬೇರೆಬೇರೆ ಸಾಲು, ಎಲ್ಲರಿಗೂ ಸರದಿ. ಅದು 2012ರಲ್ಲೇ ಲಿನಕ್ಸ್‌ಗೆ ಸೇರಿತು, 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಯಿತು.

ನಿಮ್ಮ ರೂಟರ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಎಂಬುದು ಇದೆಯೇ ನೋಡಿ. ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ನೂರಕ್ಕೆ 85ರಿಂದ 90ರಷ್ಟಕ್ಕೆ ಇಡಿ. ಸ್ವಲ್ಪ ಅಗಲ ಬಿಟ್ಟುಕೊಟ್ಟರೆ ಸಾಲು ನಿಮ್ಮ ಹತೋಟಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ಫೋಟೋ ಬ್ಯಾಕಪ್, ಕ್ಲೌಡ್ ಸಿಂಕ್‌ಗಳನ್ನು ಮಲಗುವ ಹೊತ್ತಿಗೆ ಹಾಕಿ. ಊರಿನವರ ಫೋನಿನಲ್ಲೂ ಇದನ್ನು ನೋಡಿಕೊಳ್ಳಬೇಕು. ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಆಗದಂತೆ ಮಾಡಿದರೆ ಆ ತುದಿಯ ಸಾಲೂ ಕರಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿಯೂ ರಾತ್ರಿ ಎಂಟರಿಂದ ಹತ್ತರ ತನಕ ಮಾತ್ರ ಹೊರಗಿನ ಪಿಂಗ್ ಏರುತ್ತಿದೆ, ನಿಮ್ಮ ಮನೆಯಲ್ಲಿ ಯಾವ ಅಪ್‌ಲೋಡೂ ಇಲ್ಲ ಎಂದಾದರೆ ಸಾಲು ಸೇವೆ ಕೊಡುವವರ ಕಡೆ ಇರಬಹುದು. ಆಗ ಗ್ರಾಹಕ ಸೇವೆಗೆ ಫೋನ್ ಮಾಡಿ "ನೆಟ್ ಸ್ಲೋ" ಎಂದರೆ, ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ಮೂರು ರಾತ್ರಿಯ ಗ್ರಾಫ್, ದಿನಾಂಕ, ಹೊತ್ತು, ಮಿಲಿಸೆಕೆಂಡು, ಜೊತೆಗೆ ರೂಟರ್‌ನ ಪಿಂಗ್ ನೆಟ್ಟಗಿತ್ತು ಎಂಬ ಪುರಾವೆ ಇಟ್ಟು ಇಮೇಲ್ ಮಾಡಿ. ಆ ದೂರನ್ನು ತಳ್ಳಿಹಾಕುವುದು ಕಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ನೆಟ್ ವಿಷಯದಲ್ಲಿ ಪ್ರತ್ಯಕ್ಷ ಕಾಣುವಂತೆ ಮಾಡುವ ಕನ್ನಡಕವೂ ಪ್ರಮಾಣಿಸುವ ಅಳತೆಗೋಲೂ ಉಚಿತವಾಗಿ ಸಿಗುತ್ತಿರುವಾಗ, ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು ಒಂದು ಸಂಜೆ ಅದಕ್ಕೆ ಕೊಡುವುದು ಒಳ್ಳೆಯದು.